ಮಾಗಿಯ ಚಳಿಯಲ್ಲಿ ಹಿತ್ತಿಲ ಕೋಳಿಗಳ ವಸತಿ ಮತ್ತು ಆರೈಕೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಲ್ಲಿಯೂ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿಯೂ ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕುವ ಕುಟುಂಬಗಳು ಅನೇಕ. ಈ ಕೋಳಿಗಳು ಯಾವ ಲೆಕ್ಕಪತ್ರದಲ್ಲಿಯೂ ದೊಡ್ಡ ಆಸ್ತಿಯಾಗಿ ಕಾಣಿಸುವುದಿಲ್ಲ. ಆದರೆ ಮಗುವಿನ ನೋಟ್‌ಬುಕ್ಕಿಗೆ, ಔಷಧಿಗೆ, ಬಸ್ ಚಾರ್ಜಿಗೆ ಮನೆಯ ಹೆಣ್ಣುಮಗಳು ಯಾರ ಮುಂದೆಯೂ ಕೈಚಾಚದೆ ಬಳಸುವ ಹಣ ಬಹುಮಟ್ಟಿಗೆ ಇವುಗಳಿಂದಲೇ ಬರುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಒಂದು ಹೇಟೆಯ ಹತ್ತು ಮರಿಗಳು ಸತ್ತರೆ ಆ ಮನೆಯ ಮುಂದಿನ ಆರು ತಿಂಗಳ ಕೈಹಣ ಹೋದಂತೆಯೇ ಸರಿ. ಈ ನಷ್ಟದ ಬಹುಭಾಗವನ್ನು ತಡೆಯಬಹುದು. ಹೇಗೆಂಬುದೇ ಈ ಪಾಠದ ವಿಷಯ.

1. ಚಳಿಯಿಂದ ಅಪಾಯ ಯಾರಿಗೆ?

ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿ ತುಂಬಿದ ಪ್ರಾಯದ ಕೋಳಿಯು ನಮ್ಮ ಭಾಗದ ಚಳಿಯನ್ನು ಸುಲಭವಾಗಿ ತಾಳಬಲ್ಲದು. ಗರಿ ಬಾರದ ಮರಿಗೆ ಆ ಶಕ್ತಿಯಿಲ್ಲ. ಮೊದಲ ವಾರದಲ್ಲಿ ಅದಕ್ಕೆ ಸುಮಾರು 35 ಡಿಗ್ರಿ ಶಾಖ ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ಆದುದರಿಂದ ಮೊದಲ ನಾಲ್ಕೈದು ವಾರಗಳೇ ನಿರ್ಣಾಯಕ.

ದೊಡ್ಡ ಕೋಳಿಗಳ ವಿಷಯದಲ್ಲಿ ಚಳಿಗಿಂತ ಹೆಚ್ಚಿನ ಹಾನಿ ಮಾಡುವುದು ತೇವ. ಚಳಿಯೆಂದು ಗೂಡಿನ ಎಲ್ಲ ಸಂದುಗಳಿಗೂ ಗೋಣಿಚೀಲ ತುರುಕುವ ರೂಢಿಯಿದೆ. ಹಿಕ್ಕೆಯಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ. ಉಸಿರಿನಿಂದಲೂ ತೇವ ಸೇರುತ್ತದೆ. ಹೊರಹೋಗಲು ದಾರಿಯಿಲ್ಲದಾಗ ಹಾಸು ಒದ್ದೆಯಾಗಿ ಅಮೋನಿಯ ಅನಿಲ ಎದ್ದು, ಕಣ್ಣು, ಶ್ವಾಸನಾಳಗಳನ್ನು ಕೆಡಿಸುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ನಮ್ಮ ಮೂಗಿಗೆ ಘಾಟು ಹೊಡೆದರೆ, ರಾತ್ರಿಯಿಡೀ ಕೋಳಿಗಳು ಅದನ್ನೇ ಉಸಿರಾಡಿವೆ ಎಂದರ್ಥ.

2. ಗೂಡಿನ ನಿರ್ಮಾಣ

ಅಳತೆ: ಒಂದು ದೊಡ್ಡ ಕೋಳಿಗೆ 2 ಚದರ ಅಡಿ. ಹತ್ತು ಕೋಳಿಗಳಿಗೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ನೆಲದ ತೇವ ತಾಗದಂತೆ ಗೂಡಿನ ತಳವು ಒಂದೂವರೆ ಅಡಿ ಎತ್ತರದಲ್ಲಿರಲಿ.

ದಿಕ್ಕು: ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಣ ಹಾಗೂ ಈಶಾನ್ಯ ದಿಕ್ಕುಗಳಿಂದ ಬೀಸುತ್ತದೆ. ಗೂಡಿನ ಉದ್ದವನ್ನು ಪೂರ್ವ–ಪಶ್ಚಿಮವಾಗಿರಿಸಿ ಪೂರ್ವ ಮತ್ತು ಉತ್ತರ ಗೋಡೆಗಳನ್ನು ಪೂರ್ಣ ಮುಚ್ಚಬೇಕು. ದಕ್ಷಿಣಕ್ಕೆ ತಂತಿ ಜಾಲರಿ ಇರಲಿ. ಡಿಸೆಂಬರ್ ಕೊನೆಯಲ್ಲಿ ನಮ್ಮ ಭಾಗದಲ್ಲಿ ನಡುಹಗಲ ಸೂರ್ಯನು ದಕ್ಷಿಣಕ್ಕೆ ವಾಲಿ, ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಹೀಗಾಗಿ ದಕ್ಷಿಣದ ಜಾಲರಿಯ ಮೂಲಕ ಬಿಸಿಲು ಹಾಸಿನ ಮೇಲೆ ಬಿದ್ದು ಅದನ್ನು ಒಣಗಿಸುತ್ತದೆ. ಬೇಸಿಗೆಯಲ್ಲಿ ಸೂರ್ಯನು ನೆತ್ತಿಯ ಮೇಲಿರುವುದರಿಂದ ಅದೇ ಗೂಡು ನೆರಳಾಗಿರುತ್ತದೆ.

ಗಾಳಿಯಾಟ: ರಾತ್ರಿ ದಕ್ಷಿಣದ ಜಾಲರಿಗೆ ಗೋಣಿಯ ಪರದೆ ಇಳಿಬಿಡಬೇಕು. ಆದರೆ ಸೂರಿನ ಕೆಳಗೆ ಅರ್ಧ ಅಡಿ ತೆರೆದೇ ಇರಬೇಕು. ತೇವದ ಬಿಸಿಗಾಳಿ ಮೇಲಕ್ಕೇರಿ ಅಲ್ಲಿಂದ ಹೊರಹೋಗುತ್ತದೆ. ಕೋಳಿಗಳು ಕೂರುವ ಮಟ್ಟದಲ್ಲಿ ಗಾಳಿ ನುಗ್ಗಬಾರದು, ಅವುಗಳ ತಲೆಯ ಮೇಲೆ ಗಾಳಿ ನಿಲ್ಲಬಾರದು. ಸೂತ್ರ ಇಷ್ಟೇ.

ಸೂರು: ಬರಿಯ ತಗಡಿನ ಸೂರು ಇರುಳಿನಲ್ಲಿ ಬೇಗ ತಣಿದು, ಒಳಗಿನ ಆವಿ ಅದಕ್ಕೆ ತಾಗಿ ಹನಿಯಾಗಿ ಹಾಸಿನ ಮೇಲೆ ತೊಟ್ಟಿಕ್ಕುತ್ತದೆ. ತಗಡಿನ ಮೇಲೆ ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸಿದರೆ ಇದು ನಿಲ್ಲುತ್ತದೆ.

ಕೂರುಗೋಲು: ಒಂದು ಕೋಳಿಗೆ 8 ಅಂಗುಲದಂತೆ ಲೆಕ್ಕ. ಹತ್ತು ಕೋಳಿಗಳಿಗೆ 4 ಅಡಿಯ ಎರಡು ಗೋಲು ಸಾಕು. ಗೋಲಿನ ಮೇಲೆ ಕುಳಿತ ಕೋಳಿ ತನ್ನ ಗರಿಗಳಿಂದ ಕಾಲುಗಳನ್ನು ಮುಚ್ಚಿ ಬೆಚ್ಚಗಿಟ್ಟುಕೊಳ್ಳುತ್ತದೆ.

ಹಾಸು: ಕಡಲೆಕಾಯಿ ಸಿಪ್ಪೆ ಅಥವಾ ಭತ್ತದ ಹೊಟ್ಟನ್ನು 2ರಿಂದ 3 ಅಂಗುಲ ಹರಡಿ, ವಾರಕ್ಕೆರಡು ಬಾರಿ ಕೆದಕಬೇಕು. ಮುಷ್ಟಿಯಲ್ಲಿ ಹಿಡಿದು ಅದುಮಿದಾಗ ಉಂಡೆಯಾಗಿಯೇ ಉಳಿದರೆ ಹಾಸು ಒದ್ದೆಯಾಗಿದೆ. ಆ ಭಾಗವನ್ನು ತೆಗೆದು ತಿಪ್ಪೆಗೆ ಹಾಕಿ, ಹೊಸದನ್ನು ಹರಡಬೇಕು.

3. ಮರಿಗಳ ಆರೈಕೆ

ತಾಯಿಕೋಳಿಯ ರೆಕ್ಕೆಯೇ ಅತ್ಯುತ್ತಮ ಕಾವು. ಒಂದು ನಾಟಿ ಹೇಟೆಯು ಹತ್ತು ಹನ್ನೆರಡು ಮರಿಗಳನ್ನು ಬೆಚ್ಚಗಿಡಬಲ್ಲದು. ಬರಿನೆಲದ ಮೇಲೆ ಮಂಕರಿ ಕವುಚದೆ, ಕೆಳಗೆ ಒಣಹಾಸು ಹರಡಿ ಕವುಚಬೇಕು. ಇಬ್ಬನಿ ಆರುವವರೆಗೆ ಮರಿಗಳನ್ನು ಹೊರಗೆ ಬಿಡಬಾರದು.

ತಾಯಿಯಿಲ್ಲದ ಮರಿಗಳಿಗೆ ವಿದ್ಯುತ್ ಬಲ್ಬಿನ ಕಾವು ಬೇಕು. ಮರಿಯೊಂದಕ್ಕೆ 2 ವ್ಯಾಟ್‌ನಂತೆ 30 ಮರಿಗಳಿಗೆ 60 ವ್ಯಾಟ್‌ನ ಒಂದು ಬಲ್ಬು. ಇದು ಹಳೆಯ ತಂತಿಯ ಬಲ್ಬೇ ಆಗಿರತಕ್ಕದ್ದು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ಶಾಖ ಸರಿಯಾಗಿದೆಯೇ ಎಂಬುದನ್ನು ಮರಿಗಳೇ ತಿಳಿಸುತ್ತವೆ: ಬಲ್ಬಿನಡಿ ಒತ್ತಾಗಿ ಸೇರಿ ಕೂಗಿದರೆ ಚಳಿ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಸಮನಾಗಿ ಹರಡಿಕೊಂಡಿದ್ದರೆ ಹಿತ. ವಿದ್ಯುತ್ ಕಡಿತವಾದಾಗ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮರಿಗಳ ಬಳಿ ಇಡಬಹುದು. ಮುಚ್ಚಿದ ಗೂಡಿನಲ್ಲಿ ಕೆಂಡ ಇಡಬಾರದು. ಅದರ ವಿಷಾನಿಲ ಮರಿಗಳನ್ನು ಕೊಲ್ಲುತ್ತದೆ. ಹಾಸಿಗೆ ಬೆಂಕಿ ತಗುಲುವ ಅಪಾಯವೂ ಇದೆ.

4. ಮೇವು, ನೀರು, ಮೊಟ್ಟೆ

ಚಳಿಯಲ್ಲಿ ಮೈ ಬಿಸಿಯಿಟ್ಟುಕೊಳ್ಳಲು ಕೋಳಿಗೆ ಹೆಚ್ಚು ಆಹಾರ ಬೇಕು. ಸಂಜೆ ಗೂಡಿಗೆ ಸೇರಿಸುವ ಮುನ್ನ ಒಂದು ಹಿಡಿ ರಾಗಿ ಅಥವಾ ನುಚ್ಚು ಮಾಡಿದ ಮುಸುಕಿನ ಜೋಳ ಹಾಕಿದರೆ ಇರುಳನ್ನು ಕಳೆಯಲು ಅನುಕೂಲ. ಕುಡಿಯುವ ನೀರನ್ನು ಬೆಳಿಗ್ಗೆ ಬದಲಿಸಬೇಕು.

ಈ ಕಾಲದಲ್ಲಿ ಮೊಟ್ಟೆ ಕಡಿಮೆಯಾಗುವುದೆಲ್ಲ ರೋಗದಿಂದಲ್ಲ. ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮ ಹಗಲು ಸುಮಾರು 11 ಗಂಟೆ 20 ನಿಮಿಷ ಮಾತ್ರ. ಈ ಕಾರಣ ತಿಳಿಯದೆ ಒಳ್ಳೆಯ ಹೇಟೆಯನ್ನು ಸಂತೆಗೆ ಕಳುಹಿಸುವುದು ಸಲ್ಲದು.

5. ಕೊಕ್ಕರೆ ರೋಗ

ಕೊಕ್ಕರೆ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯಿದೆ. ಮರಿಗೆ 5ರಿಂದ 7ನೇ ದಿನದೊಳಗೆ ಲಸೋಟಾ ಲಸಿಕೆಯ ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಹಾಕಿಸಬೇಕು. 8ನೇ ವಾರದಲ್ಲಿ ಆರ್‌ಟುಬಿ ಚುಚ್ಚುಮದ್ದು ಕೊಡಿಸಬೇಕು. ತೊಡಕಿರುವುದು ಇನ್ನೊಂದು ಕಡೆ. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಆಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿಗಳ ಒಡತಿಗೆ ಇದು ಒಬ್ಬಳಿಂದ ಆಗುವ ಕೆಲಸವಲ್ಲ. ಇಡೀ ವಾರ್ಡಿನ ಕೋಳಿಗಳಿಗೆ ಒಂದೇ ಮುಂಜಾನೆ, ಗೂಡು ತೆರೆಯುವ ಮುನ್ನ ಲಸಿಕೆ ಹಾಕಿಸಿದರೆ ಒಂದು ಹನಿಯೂ ವ್ಯರ್ಥವಾಗದು. ಸದಸ್ಯರ ನೆರವು ಅತ್ಯಗತ್ಯವಾಗಿರುವುದು ಇಲ್ಲಿಯೇ.

ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಸತ್ತ ಕೋಳಿಗಳನ್ನು ಕೆರೆಗಾಗಲಿ ತಿಪ್ಪೆಗಾಗಲಿ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕಾಯಿಲೆ ಬಿದ್ದವನ್ನು ಅಗ್ಗಕ್ಕೆ ಮಾರಿದರೆ ರೋಗವೂ ಸಂತೆಯ ಮೂಲಕ ಊರೂರಿಗೆ ಹೋಗುತ್ತದೆ.

6. ಪಂಚಾಯಿತಿಯ ಹೊಣೆ

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 1ನೇ ಅನುಸೂಚಿಯು ಕೋಳಿ ಸಾಕಣೆಯ ಉತ್ತೇಜನವನ್ನು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ. ಪಶುಸಂಗೋಪನೆಯು ಉತ್ಪಾದನಾ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಆದುದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು:

ಅ) ಅಕ್ಟೋಬರ್ 2ರಿಂದ ಆರಂಭವಾಗುವ ಕ್ರಿಯಾ ಯೋಜನೆಯ ಸಿದ್ಧತೆಯಲ್ಲಿ ಕೋಳಿ ಶೆಡ್‌ಗೆ ಅರ್ಹ ಕುಟುಂಬಗಳಿಂದ ಬೇಡಿಕೆ ಪಡೆಯುವುದು. ಮಹಿಳೆಯೇ ಯಜಮಾನಿಯಾಗಿರುವ ಕುಟುಂಬಗಳನ್ನು ಮರೆಯಬಾರದು. ಆ ಶೆಡ್ ದೊರೆಯುವುದು ಮುಂದಿನ ಸಾಲಿಗೆ. ಈ ಚಳಿಗಾಲಕ್ಕೆ ಇರುವ ಗೂಡನ್ನೇ ಮೇಲಿನಂತೆ ಸರಿಪಡಿಸಿಕೊಳ್ಳಲು ತಿಳಿಸಬೇಕು.

ಆ) ಕಾರ್ತಿಕ ಮಾಸ ಮುಗಿಯುವುದರೊಳಗೆ ಪಶುವೈದ್ಯರು ಹಾಗೂ ಪಶು ಸಖಿಯೊಡನೆ ಚರ್ಚಿಸಿ, ವಾರ್ಡ್‌ವಾರು ಲಸಿಕೆಯ ದಿನ ಗೊತ್ತುಪಡಿಸಿ ಹಿಂದಿನ ಸಂಜೆ ಡಂಗುರ ಹಾಕಿಸುವುದು.

ಇ) ಯಾವುದೇ ಯೋಜನೆಯಡಿ ಗಿರಿರಾಜ, ಸ್ವರ್ಣಧಾರ ಮುಂತಾದ ತಳಿಗಳ ಮರಿಗಳು ಬರುವುದಾದರೆ, ವಿತರಣೆಗೆ ಮುನ್ನವೇ ಫಲಾನುಭವಿಯ ಗೂಡನ್ನು ನೋಡಿ ಬರುವುದು. ಈ ಎರಡು ತಳಿಗಳೂ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದೇ ರೂಪುಗೊಂಡವು. ಆದರೂ ಗೂಡಿಲ್ಲದ ಮನೆಗೆ ಡಿಸೆಂಬರಿನಲ್ಲಿ ಮರಿ ಕೊಟ್ಟರೆ ದಾಖಲೆಯಲ್ಲಿ ಸವಲತ್ತು ತಲುಪಿರುತ್ತದೆ, ಹಿತ್ತಿಲಲ್ಲಿ ಕೋಳಿ ಇರುವುದಿಲ್ಲ.

ಮುಂದಿನ ವಾರ್ಡ್ ಭೇಟಿಯಲ್ಲಿ ಪ್ರತಿ ಸದಸ್ಯರೂ ಬೆಳಗಿನ ಆರು ಗಂಟೆಗೆ ಹತ್ತು ಮನೆಗಳ ಗೂಡುಗಳನ್ನು ಪರೀಕ್ಷಿಸಿ ಹಾಸಿನ ತೇವ, ಘಾಟು, ಮೂಡಣ ಗೋಡೆಯ ಸಂದು ಈ ಮೂರನ್ನು ಗುರುತು ಹಾಕಿಕೊಂಡು ಉತ್ಪಾದನಾ ಸಮಿತಿಯ ಸಭೆಗೆ ತರಬೇಕೆಂದು ಕೋರಲಾಗಿದೆ.