ಅರೆವಾಹಕ ಕಾರ್ಖಾನೆಗಳೂ ದೇಶದ ಸ್ವಾವಲಂಬನವೂ

ತಾಮ್ರದಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡದೆ, ಗಾಜಿನಂತೆ ಪೂರ್ತಿಯಾಗಿ ತಡೆಯದೆ, ಇವೆರಡರ ನಡುವೆ ನಿಲ್ಲುವ ಪದಾರ್ಥಕ್ಕೆ ಅರೆವಾಹಕವೆಂದು ಹೆಸರು. ಇವುಗಳಲ್ಲಿ ಸಿಲಿಕಾನ್ ಮುಖ್ಯವಾದುದು. ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನ ಮೇಲೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ರಚಿಸಿದರೆ ಅದೇ ಚಿಪ್. ದೂರವಾಣಿ, ಮೋಟಾರು, ಆಸ್ಪತ್ರೆಯ ಯಂತ್ರ, ರಾಕೆಟ್ಟು ಇವೆಲ್ಲಕ್ಕೂ ಅದು ಬೇಕು. ಇಂತಹ ವಸ್ತುವನ್ನು ನಾವೇ ತಯಾರಿಸಬೇಕೆ, ಹೊರಗಿನಿಂದ ಕೊಂಡು ತಂದರೆ ಸಾಲದೆ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ.

ಈ ಉದ್ಯಮವು ನಮಗೆ ಹೊಸದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಕೈಹಾಕಿತು. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆಯು 1980ರ ದಶಕದಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1989ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. 1987ರಲ್ಲಿ ಹುಟ್ಟಿದ ತೈವಾನಿನ ಟಿಎಸ್‌ಎಂಸಿ ಸಂಸ್ಥೆಯು ಅಷ್ಟರಲ್ಲಿ ಬಹುದೂರ ಮುಂದೆ ಸಾಗಿತ್ತು. ಒಮ್ಮೆ ಕಡಿದುಹೋದ ಅಭ್ಯಾಸವನ್ನು ಮರಳಿ ಕೂಡಿಸುವುದು ಈ ವಿದ್ಯೆಯಲ್ಲಿ ಬಹು ಕಷ್ಟ.

ಇನ್ನು ಖರ್ಚಿನ ಮಾತು. ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆಯ ಕಾರ್ಖಾನೆಗೆ 2024ರಲ್ಲಿ ಮಂಜೂರಾತಿ ದೊರೆಯಿತು. ಅದರ ಅಂದಾಜು ವೆಚ್ಚ 91,000 ಕೋಟಿ ರೂಪಾಯಿ. ಅದರಲ್ಲಿ ಅರ್ಧದಷ್ಟನ್ನು ಕೇಂದ್ರ ಸರ್ಕಾರವೇ ಭರಿಸಲು ಒಪ್ಪಿತು. ಅದು ಪ್ರಜೆಗಳ ತೆರಿಗೆಯ ಹಣ. ಅದರಿಂದ ಎಷ್ಟೋ ಶಾಲೆ, ಆಸ್ಪತ್ರೆಗಳು ಏಳಬಹುದೆಂಬ ಆಕ್ಷೇಪವು ನಿಸ್ಸಾರವಾದುದಲ್ಲ. ಮೇಲಾಗಿ, ಅತಿ ಸೂಕ್ಷ್ಮವಾದ ಚಿಪ್‌ಗಳನ್ನು ಬೆಳಕಿನಿಂದ ಅಚ್ಚೊತ್ತುವ ಯಂತ್ರವನ್ನು ಹಾಲೆಂಡಿನ ಎಎಸ್‌ಎಂಎಲ್ ಸಂಸ್ಥೆಯೊಂದೇ ಮಾರುತ್ತದೆ. ಆದಕಾರಣ ಈ ಉದ್ಯಮದಲ್ಲಿ ಸಂಪೂರ್ಣ ಸ್ವಾವಲಂಬನವು ಯಾವ ದೇಶಕ್ಕೂ ಇಲ್ಲ.

ಆದರೂ 2021ರ ಪಾಠವನ್ನು ಮರೆಯಲಾಗದು. ಆ ವರ್ಷ ಚಿಪ್‌ಗಳ ಅಭಾವದಿಂದ ಅನೇಕ ದೇಶಗಳ ಮೋಟಾರು ಕಾರ್ಖಾನೆಗಳು ಕೈಕಟ್ಟಿ ಕುಳಿತವು. ಕೊಳ್ಳಲು ಹಣವಿತ್ತು, ಸರಕು ಸಿಗಲಿಲ್ಲ. ಮೋಟಾರು ಕೆಲವು ತಿಂಗಳು ಕಾಯಬಹುದು. ದೇಶದ ರಕ್ಷಣೆ ಕಾಯಲಾರದು. ರಾಕೆಟ್ಟುಗಳಿಗಾಗಿ ಮೊಹಾಲಿಯಲ್ಲಿ ತಯಾರಿಸಿ 2025ರಲ್ಲಿ ಪ್ರಕಟಪಡಿಸಿದ ‘ವಿಕ್ರಂ’ ಚಿಪ್ ಅತಿ ಸೂಕ್ಷ್ಮ ವರ್ಗದ್ದಲ್ಲ. ಆದರೂ ತನ್ನ ಕೆಲಸಕ್ಕೆ ಅದು ಸಾಕು. ಹಿತ್ತಿಲ ಬಾವಿಗೆ ಮಾಡಿದ ಖರ್ಚಿನ ಬೆಲೆ ಬರಗಾಲದಲ್ಲಿ ತಿಳಿಯುತ್ತದೆ.

ಕೊಡೈಕಾನಲ್ಲಿನವರಾದ ನಾವು ಇನ್ನೊಂದನ್ನೂ ಕೇಳಬೇಕು. 1980ರ ದಶಕದಲ್ಲಿ ಅಮೆರಿಕದಿಂದ ಯಂತ್ರಗಳನ್ನು ತಂದು ಇಲ್ಲಿ ಥರ್ಮಾಮೀಟರ್ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಸರಕು ವಿದೇಶಕ್ಕೆ ಹೋಯಿತು. ಪಾದರಸ ಈ ಮಣ್ಣಿನಲ್ಲಿ ಉಳಿಯಿತು. 2001ರಲ್ಲಿ ಕಾರ್ಖಾನೆ ಮುಚ್ಚಿತು. 2003ರಲ್ಲಿ ಪಾದರಸದ ಕಸವನ್ನು ಅಮೆರಿಕಕ್ಕೆ ಹಿಂದಕ್ಕೆ ಕಳುಹಿಸಬೇಕಾಯಿತು. ಹಿಂದಿನ ಕಾರ್ಮಿಕರೊಡನೆ ಒಪ್ಪಂದವಾದುದು 2016ರಲ್ಲಿ. ಚಿಪ್ ತಯಾರಿಕೆಗೂ ವಿಷಾನಿಲಗಳು, ತೀಕ್ಷ್ಣ ಆಮ್ಲಗಳು, ಅಪಾರವಾದ ಶುದ್ಧ ನೀರು ಬೇಕು. ಕೆಲಸಗಾರನ ಆರೋಗ್ಯವನ್ನೂ ಊರಿನ ನೀರನ್ನೂ ಬೆಲೆಯ ಲೆಕ್ಕದಲ್ಲಿ ಮೊದಲೇ ಸೇರಿಸದಿದ್ದರೆ ಆ ಲೆಕ್ಕ ತಪ್ಪು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಅತ್ಯಗತ್ಯವಾದ ಚಿಪ್‌ಗಳಿಗಾಗಿ ಕೆಲವು ಕಾರ್ಖಾನೆಗಳು, ಆರಂಭದಲ್ಲಿ ನಷ್ಟವಾದರೂ, ಬೇಕೇ ಬೇಕು. ಆದರೆ ಅವುಗಳೊಡನೆ ವಿದ್ಯೆಯೂ ಬರಬೇಕು, ಕೆಲಸ ನಡುವೆ ನಿಲ್ಲಬಾರದು, ನೆಲಜಲಗಳು ಕೆಡಬಾರದು. ಯಂತ್ರಗಳನ್ನು ಕೊಳ್ಳಬಹುದು, ಅವನ್ನು ಅರಿತು ನಡೆಸುವವರು ರಸಾಯನ, ಭೌತ, ಗಣಿತಗಳ ತರಗತಿಗಳಿಂದಲೇ ಬರಬೇಕು.

ಮಕ್ಕಳು ಮನೆಯಲ್ಲಿ ಹಿರಿಯರೊಡನೆ ಚರ್ಚಿಸಲಿ: ನಮ್ಮ ಬೆಟ್ಟದ ಕೆಳಗೆ ಇಂತಹ ಕಾರ್ಖಾನೆಯೊಂದು ಬರುವುದಾದರೆ, ಒಪ್ಪುವ ಮೊದಲು ನಾವು ಕೇಳಬೇಕಾದ ಮೂರು ಪ್ರಶ್ನೆಗಳಾವುವು?