ಬೆಟ್ಟಾ ಮನೆಗೆ ಬಂದ ದಿನ
ಅಂಗಡಿಯಿಂದ ತಂದ ಬೆಟ್ಟಾ ಮೀನನ್ನು ಸೀದಾ ತೊಟ್ಟಿಗೆ ಸುರಿಯಬೇಡಿ. ಕವರ್ ಬಿಚ್ಚದೆ 15-20 ನಿಮಿಷ ನೀರಲ್ಲಿ ತೇಲಿಬಿಡಿ. ಒಳಗಿನ, ಹೊರಗಿನ ಬಿಸಿ ಒಂದಾಗಲಿ. ಆಮೇಲೆ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬನ್ನಿ. ಅರ್ಧ ಗಂಟೆಯಾದ ಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಕವರಿನ ಕೊಳಕು ನೀರು ಗಿಡಕ್ಕೆ ಹೋಗಲಿ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹನಿ ಮೊದಲೇ ಬಿದ್ದಿರಬೇಕು. ಥಾಯ್ಲೆಂಡಿನ ಗದ್ದೆ ನೀರಿನ ಜೀವ ಇದು, 25-28 ಡಿಗ್ರಿ ಬೆಚ್ಚಗಿದ್ದರೆ ಸುಖ. ಬೆಂಗಳೂರಿನ ಡಿಸೆಂಬರಿಗೆ ಸಣ್ಣ ಹೀಟರ್ ಬೇಕೇ ಬೇಕು. ಮೇಲೆ ಬಂದು ಗುಳುಕ್ಕನೆ ಗಾಳಿ ನುಂಗಿದರೆ ಗಾಬರಿ ಬೇಡ, ಅದು ಉಸಿರಾಡುವುದೇ ಹಾಗೆ. ಜಿಗಿಯುವ ಚಾಳಿಯುಂಟು, ಮುಚ್ಚಳ ಹಾಕಿ. ಮೊದಲ ದಿನ ದೀಪವೂ ಬೇಡ, ಊಟವೂ ಬೇಡ. ಗಾಜು ತಟ್ಟಿ ಕರೆಯುವ ಮಕ್ಕಳನ್ನು (ದೊಡ್ಡವರನ್ನೂ) ದೂರವಿಡಿ.