ಸೂಜಿ ಹಿಡಿಯುವ ಮುನ್ನ

ಪಶುಸಂಗೋಪನೆ ಡಿಪ್ಲೊಮಾ ಮುಗಿಸಿ ಪಶು ಆಸ್ಪತ್ರೆಗೆ ಕಾಲಿಡುತ್ತಿರುವ ತಮ್ಮ ತಂಗಿಯರೇ, ಊರವರು ನಾಳೆಯೇ ನಿಮ್ಮನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಾರೆ. ಹಿಗ್ಗಬೇಡಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ನಿಮಗೆ ಬಿಟ್ಟಿರುವುದು ಸಣ್ಣಪುಟ್ಟ ಸೇವೆಗಳನ್ನು, ಅದೂ ನೋಂದಾಯಿತ ವೈದ್ಯರ ಉಸ್ತುವಾರಿಯಲ್ಲಿ.

ಹಾಗೆಂದು ಕೆಲಸ ಸಣ್ಣದಲ್ಲ. ಕರು ಹಾಕಿದ ಮಾರನೆಯ ದಿನ ಹಸು ಹಾಲುಜ್ವರ ಬಂದು ಮಲಗಿದೆ ಎನ್ನಿ. ಕಿವಿ ತಣ್ಣಗಿದೆ, ಕತ್ತು ಪಕ್ಕೆಗೆ ವಾಲಿದೆ. ವೈದ್ಯರು ಕ್ಯಾಲ್ಸಿಯಂ ಹಾಕಲು ಹೇಳಿದರು. ಬಾಟಲಿಯನ್ನು ಮೈಬಿಸಿಗೆ ತಂದು, ರಕ್ತನಾಳಕ್ಕೆ ನಿಧಾನವಾಗಿ ಹರಿಸಬೇಕು. ಗಮನವೆಲ್ಲ ಹಸುವಿನ ಎದೆಬಡಿತದ ಮೇಲಿರಬೇಕು. ಬಡಿತ ಏರುಪೇರಾದರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಅವಸರದಲ್ಲಿ ಹರಿಸಿದ ಕ್ಯಾಲ್ಸಿಯಂ ಹೃದಯವನ್ನೇ ನಿಲ್ಲಿಸೀತು. ಮನೆಯವರು ‘ಬೇಗ ಬೇಗ’ ಎನ್ನುತ್ತಾರೆ, ಎನ್ನಲಿ ಬಿಡಿ.

ಥರ್ಮಾಮೀಟರ್ ಇಡದೆ ಬರೀ ಅಂದಾಜಿನಲ್ಲಿ ವೈದ್ಯರಿಗೆ ಫೋನ್ ಮಾಡಬೇಡಿ. ಹಸುವಿನ ಸಹಜ ತಾಪ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಕೆಚ್ಚಲುಬಾವಿಗೆ ಆಂಟಿಬಯಾಟಿಕ್ ಕೊಟ್ಟಾಗ, ಎಷ್ಟು ದಿನ ಡೇರಿಗೆ ಹಾಲು ಹಾಕಬಾರದೆಂದು ಲೇಬಲ್ ನೋಡಿಯೇ ಹೇಳಿ. ಹಾಲು ಚೆಲ್ಲಲು ಯಾರಿಗೂ ಮನಸ್ಸಾಗದು, ಆದರೂ ಹೇಳಿ.

ಕಂದು ಹಾಕಿದ ಹಸುವಿನ ಮಾಸನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬ್ರೂಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. ಕೈಗವಸು ಖಾಲಿಯಾಗಿದ್ದರೆ ತರಿಸಿಕೊಂಡೇ ಕೊಟ್ಟಿಗೆಗೆ ಹೋಗಿ.